ವೈನಿಯ ತಕರಾರು ಅರ್ಜಿ

ದವಾಖಾನಿ ಸುದ್ದಿ ಬಂತಂದ್ರ ನಮ್ಮ ಹೆಣ್ಣಮಕ್ಕಳ ಮಾತು ಎಲ್ಲೆಲ್ಲೋ ಸುತ್ತಿ ಕಡೀಕ ಒಂದ ಕಡೆ ಬಂದು ನಿಲ್ತದ. "ಅಂಥಾ ಡಾಕ್ಟರಂದು ಲೈಸನ್ಸ ಕಸಗೋಬೇಕು ನೋಡ್ರಿ." ಮೊನ್ನೆನೂ ಹಿಂಗ ಮಾತು ನಡದಾಗ ಬಾಜೂಮನಿ ಕಾಕೂ ಕೇಳಿದ್ರು, "ಅಲ್ಲಾ, ಕಸಗೋಬೇಕು ಕಸಗೋಬೇಕು ಅಂತೀರಿ, ಯಾರ್ ಕಸಗೋಳಾವ್ರು? ಪೊಲೀಸರೋ, ಡೀಸಿನೋ?" ಎಲ್ಲಾರೂ ಸುಮ್ನಾದ್ರು. ನನಗಷ್ಟ ಉತ್ತರ ಗೊತ್ತಿತ್ತು. ಯಾಕಂದ್ರ ನಮ್ಮ ದೊಡ್ಡ ವೈನಿ ಜೋಡಿ ನಾನೂ ಆ ಬಾಗಲಾ ಬಡದು ಬಂದಾಕಿ. ವೈನೀನ್ನ ಕೇಳೇ ಬರೀಲಿಕ್ಕತ್ತೇನಿ. "ಬರಿ, ಆದ್ರ ಊರು, ದವಾಖಾನಿ, ಡಾಕ್ಟರ್ ಹೆಸರು ಒಂದೂ ಬರೀಬ್ಯಾಡ" ಅಂದಾರ. ಅಣ್ಣಾ ಆಗ ನೌಕರಿ ಸಲುವಾಗಿ ಕರ್ನಾಟಕದ ಹೊರಗ ಇದ್ದ, ಅಷ್ಟ ಹೇಳ್ತೇನಿ.

ಮೊದಲ ಕಾಕೂನ ಪ್ರಶ್ನೆಕ್ಕ ಉತ್ತರ ಹೇಳಿಬಿಡ್ತೇನಿ. ಎಂಬಿಬಿಎಸ್ ಪಾಸಾದ ಕೂಡಲೇ ಯಾರೂ ಪ್ರಾಕ್ಟೀಸ್ ಮಾಡೋಹಂಗಿಲ್ಲ. ರಾಜ್ಯದ ಮೆಡಿಕಲ್ ಕೌನ್ಸಿಲ್‌ನಾಗ ಹೆಸರು ನೋಂದಣಿ ಆಗಬೇಕು, ಒಂದು ನಂಬರ್ ಸಿಗಬೇಕು. ನಮ್ಮ ರಾಜ್ಯಕ್ಕ ಬೆಂಗಳೂರಾಗಿನ ಕರ್ನಾಟಕ ಮೆಡಿಕಲ್ ಕೌನ್ಸಿಲ್, 1961ರ ಕಾಯ್ದೆದ ಪ್ರಕಾರ. ಆ ಪಟ್ಟಿಯೊಳಗ ಹೆಸರು ಇದ್ರನ ಡಾಕ್ಟರಕಿ, ಇಲ್ಲಂದ್ರ ಇಲ್ಲ. ಲೈಸನ್ಸ ಕಸಗೋಳೂದು ಅಂದ್ರ ಆ ಪಟ್ಟಿಯಿಂದ ಹೆಸರು ತಗಿಯೂದು. ಕಾಯಮ್ ತಗೀಬಹುದು, ಇಲ್ಲಾ ಇಂತಿಷ್ಟು ತಿಂಗಳು ಅಂತ ತಗೀಬಹುದು. ರೇಶನ್ ಕಾರ್ಡಿನಾಗಿಂದ ಹೆಸರು ಹೊಡದಂಗ ಅಂತ ತಿಳ್ಕೋರಿ. ತಗದ್ರ ಅದನ್ನ ಊರ ಪೇಪರಿನಾಗ ಎಲ್ಲಾರಿಗೂ ಗೊತ್ತಾಗೋಹಂಗ ಹಾಕಬೇಕು ಅಂತನೂ ನಿಯಮದಾಗ ಅದ. ತಗೀಲಿಕ್ಕೆ ಮನಸ್ಸಿಲ್ಲಂದ್ರ ಎಚ್ಚರಿಕೆ ಕೊಟ್ಟು ಬಿಡ್ತಾರ. ಆ ನಿಯಮಕ್ಕ 2002ರ ವೈದ್ಯರ ನಡತಿ ನಿಯಮಾವಳಿ ಅಂತಾರ, ಇಡೀ ದೇಶಕ್ಕ ಅದ ಒಂದ. 2023ರ ಆಗಸ್ಟಿನಾಗ ಹೊಸಾದು ತಂದಿದ್ರು. ಡಾಕ್ಟರ್ರ ಸಂಘದವರು ಗದ್ದಲ ಹಾಕಿದ ಮ್ಯಾಲೆ ಮೂರ ವಾರದಾಗ ಅದನ್ನ ತಡದು ಮತ್ತ ಹಳೇದನ್ನ ಚಾಲೂ ಇಟ್ರು.

ಕೌನ್ಸಿಲ್ ಒಳಗ ಕೂಡಾವ್ರು ಯಾರು? ಡಾಕ್ಟರ್ರ. ಕೆಲವರನ್ನ ಡಾಕ್ಟರ್ರ ವೋಟ್ ಹಾಕಿ ಆರಿಸ್ತಾರ, ಕೆಲವರನ್ನ ಸರ್ಕಾರ ಹಾಕ್ತದ. ಇದನ್ನ ಕೇಳಿ ನಮ್ಮವ್ವ "ಹಂಗಂದ್ರ ಬೆಕ್ಕಿನ ಮ್ಯಾಲಿನ ತಕರಾರಿಗೆ ಬೆಕ್ಕಿನ ಪಂಚಾಯ್ತಿ" ಅಂದ್ಲು. ನಾನು ಪೂರಾ ಒಪ್ಪಂಗಿಲ್ಲ. ಡಾಕ್ಟರ್ ಮಾಡಿದ್ದು ಸರಿನೋ ತಪ್ಪೋ ಅಂತ ತಿಳೀಲಿಕ್ಕೆ ಡಾಕ್ಟರಕಿ ಗೊತ್ತಿದ್ದವರ ಬೇಕಲ್ಲ. ಆದ್ರ ಅವ್ವನ ಮಾತು ಪೂರಾ ಸುಳ್ಳಂತನೂ ಅನ್ನಂಗಿಲ್ಲ. 2010ರಾಗ ದೇಶದ ಮ್ಯಾಲಿನ ಕೌನ್ಸಿಲ್‌ನ ಅಧ್ಯಕ್ಷರನ್ನ ಸಿಬಿಐದವರು ಲಂಚದ ಕೇಸಿನಾಗ ಹಿಡದು, ಸರ್ಕಾರ ಆ ಕೌನ್ಸಿಲ್ಲನ್ನ ಬರಖಾಸ್ತ ಮಾಡಿತ್ತು.

ಈಗ ವೈನಿ ಕತಿ.

2019, ದೀಪಾವಳಿಗೆ ಇನ್ನೂ ಹದಿನೈದು ದಿನ. ವೈನಿಗೆ ಆಗ ಮೂವತ್ತಾರು. ಹೊರಗ ಕೂತ್ರ ಎಂಟೆಂಟು ದಿನ ಹೋಗ್ತಿತ್ತು, ಮಾರಿ ಬೆಳ್ಳಗ ಸುಣ್ಣದಂಗ ಆಗಿತ್ತು. ಸ್ಕ್ಯಾನ್ ಮಾಡಿಸಿದ್ರ ಗರ್ಭಚೀಲದಾಗ ಗಡ್ಡಿ ಅಂತ ಬಂತು. ಗಡ್ಡಿ ಅಷ್ಟ ತಗಿಯೂದು ಅಂತ ಮಾತಾತು, ವೈನಿ ಸೈ ಮಾಡಿದ್ದೂ ಅದಕ್ಕ. ಸೊಂಟಕ್ಕ ಇಂಜೆಕ್ಷನ್ ಕೊಟ್ಟು ಕೆಳಗಿನ ಅರ್ಧಾ ಮೈ ಜೋಮು ಹಿಡಿಸಿದ್ರು. ಪೂರಾ ಎಚ್ಚರ ಇದ್ರು. "ಗೋಡಿ ಮ್ಯಾಲಿನ ಗಡಿಯಾರ ನೋಡ್ಕೋತ ಮಲಗಿದ್ದೆ. ಡಾಕ್ಟರ್ ಒಮ್ಮೆ ಹೊರಗ ಹೋಗಿ ಬಂದ್ರು. ಆವಾಗ ಹನ್ನೊಂದೂ ಇಪ್ಪತ್ತು" ಅಂತ ಈಗೂ ಹೇಳ್ತಾರ.

ಹೊರಗ ಬಂದ ಡಾಕ್ಟರ್ ಅಣ್ಣಗ ಹೇಳಿದ್ದು: ಗಡ್ಡಿ ಭಾಳ ಅವ, ಮತ್ತ ಬೆಳೀತಾವ, ಗರ್ಭಚೀಲನ ತಗದುಬಿಡೂದು ಛಲೋ, ನಿಮಗ ಎರಡು ಮಕ್ಕಳು ಅವಲ್ಲ, ಇಲ್ಲೊಂದು ಸೈ ಮಾಡ್ರಿ. ಅಣ್ಣಾ ಮಾಡಿದ. ಒಳಗ ವೈನಿಗೆ ಯಾರೂ ಏನೂ ಹೇಳಲಿಲ್ಲ. ಮೂರನೇ ದಿನ ನರ್ಸ್ ಒಬ್ಬಾಕಿ ಸಲಾಯಿನ್ ಬದಲಿ ಮಾಡ್ಕೋತ "ಇನ್ನ ತಿಂಗಳಾ ತಿಂಗಳಾ ಕಾಟ ಇಲ್ಲ ನೋಡ್ರಿ ಅಕ್ಕಾ" ಅಂದ್ಲಂತ. ಹಂಗ ಗೊತ್ತಾತು ವೈನಿಗೆ.

ಅವತ್ತಿಂದ ಆ ಮನ್ಯಾಗ ಮಾತು ಕಡಿಮಿ ಆತು. ಅಣ್ಣಾ ಕೆಟ್ಟಾಂವ ಅಲ್ಲ. ಜೀವಕ್ಕ ಅಪಾಯ ಇರಬೇಕು ಅಂತ ಅಂಜಿ ಸೈ ಮಾಡಿದ್ದ. ಸುತ್ತಲಿನವರು ವೈನಿಗೆ ಹೇಳಿದ್ದೂ ಏನು? "ಎರಡು ಹಡದಿ, ಗಂಡೊಂದು ಹೆಣ್ಣೊಂದು, ಇನ್ನ ಅದನ್ನ ಇಟ್ಕೊಂಡು ಏನ್ ಮಾಡ್ತಿ?" ನಮ್ಮವರ ಬಾಯಾಗೂ ಈ ಮಾತು ಬಂತು. ಹೆಣ್ಣಮಕ್ಕಳಿಗೆ ಹೆಣ್ಣಮಕ್ಕಳ ಹೇಳೂದು ಇದು. ಗರ್ಭಚೀಲ ಅಂದ್ರ ಕೆಲಸಾ ಮುಗದ ಮ್ಯಾಲೆ ಅಟ್ಟಕ್ಕ ಒಗಿಯೂ ಚೀಲ ಅಂತ ತಿಳದೇವಿ. ಕಲಬುರ್ಗಿ ಜಿಲ್ಲಾದ ತಾಂಡಾಗಳಾಗ ಲಂಬಾಣಿ ಹೆಣ್ಣಮಕ್ಕಳ ಗರ್ಭಚೀಲ ಬೇಕಿಲ್ಲದ ತಗದಾರ ಅಂತ 2015ರ ಹೊತ್ತಿಗೆ ಅಷ್ಟು ಹೋರಾಟ ಆತು. ಅಲ್ಲೂ ಹೆಣ್ಣಮಕ್ಕಳಿಗೆ ಹಿಂಗ ಹೇಳಿ ಒಪ್ಪಿಸಿರಬೇಕು ಅಂತ ನನಗ ಅನಸ್ತದ.

ವೈನಿ ಮಾತ್ರ ಒಂದ ಮಾತು ಹಿಡಕೊಂಡು ಕೂತಿದ್ರು. "ನಾ ಅಲ್ಲೇ ಇದ್ದೆ. ಎಚ್ಚರ ಇದ್ದೆ. ನನ್ನ ಯಾಕ ಕೇಳಲಿಲ್ಲ?"

ನಮ್ಮ ಮಾವಶಿ ಮಗಳು ವಕೀಲಿ ಮಾಡ್ತಾಳ. ಆಕಿ ಕೂಡಿಸಿಕೊಂಡು ಬಿಡಿಸಿ ಹೇಳಿದ್ಲು. ರೊಕ್ಕದ ಪರಿಹಾರ ಬೇಕಂದ್ರ ಗ್ರಾಹಕರ ಆಯೋಗ. 1995ರಾಗನ ಸುಪ್ರೀಂ ಕೋರ್ಟ್ ರೊಕ್ಕಾ ತಗೊಂಡು ಉಪಚಾರ ಮಾಡೋ ಡಾಕ್ಟರ್ರೂ ಆ ಕಾಯ್ದೆದಾಗ ಬರ್ತಾರ ಅಂದದ. ಆದ್ರ ಎರಡು ವರ್ಷದ ಒಳಗ ಹಾಕಬೇಕು. ಬಿಲ್ಲು, ದರದ ಪಟ್ಟಿ, ಡಿಪಾಜಿಟ್, ಇಂಥಾ ದವಾಖಾನಿ ಮ್ಯಾಲಿನ ತಕರಾರಿಗೆ ನಮ್ಮ ಕರ್ನಾಟಕದಾಗ ಖಾಸಗಿ ದವಾಖಾನಿಗಳದ ಬ್ಯಾರೆ ಕಾಯ್ದೆ ಅದ, ಜಿಲ್ಲಾದಾಗ ಡೀಸಿ ಕೈಯಾಗಿನ ಪ್ರಾಧಿಕಾರ ನೋಡ್ತದ. (ಬಿಲ್ ಕಟ್ಟಿಲ್ಲ ಅಂತ ಸತ್ತವರ ದೇಹ ತಡದು ಇಟ್ಕೋಳೋಹಂಗಿಲ್ಲ ಅನ್ನೂದೂ ಅದರಾಗ ಅದ. ಇದನ್ನ ಎಲ್ಲಾರೂ ನೆನಪಿಡ್ರಿ.) ಪೊಲೀಸರ ಕಡೆ ಹೋದ್ರ, 2005ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಅವರು ಮೊದಲ ಬ್ಯಾರೆ ಒಬ್ಬ ತಿಳದ ಡಾಕ್ಟರ್ ಅಭಿಪ್ರಾಯ ತಗೋಬೇಕು, ಭಾಳ ದೊಡ್ಡ ಬೇಜವಾಬ್ದಾರಿ ಇದ್ರನ ಕೇಸ್ ನಿಲ್ತದ.

"ಇವ್ಯಾವೂ ನನಗ ಬ್ಯಾಡ. ಆ ಡಾಕ್ಟರ್‌ನ ಯಾರರ ಎದುರಿಗೆ ನಿಂದ್ರಿಸಿ 'ಆಕಿನ್ನ ಯಾಕ ಕೇಳಲಿಲ್ಲ' ಅಂತ ಕೇಳಬೇಕು. ಅಷ್ಟ" ಅಂದ್ರು ವೈನಿ.

"ಹಂಗಾದ್ರ ಕೌನ್ಸಿಲ್" ಅಂದ್ಲು ಆಕಿ.

ಇಲ್ಲೊಂದು ಮಾತು ನನಗ ಭಾಳ ತಡಾ ಮಾಡಿ ತಿಳೀತು, ನಿಮಗೂ ಹೇಳ್ತೇನಿ. ಕೌನ್ಸಿಲ್ ನೋಡೂದು ಬರೇ ಆಪರೇಶನ್ ಕೆಟ್ಟಿತೋ ಛಲೋ ಆತೋ ಅಂತ ಅಲ್ಲ. ಡಾಕ್ಟರ್‌ನ ನಡತಿ ನೋಡ್ತದ. ಆಪರೇಶನ್ ಅಚ್ಚುಕಟ್ಟ ಆಗಿದ್ರೂ ನಡತಿ ತಪ್ಪಿರಬಹುದು. ಸುಳ್ಳು ಸರ್ಟಿಫಿಕೇಟ್ ಬರಿಯೂದು, ಪೇಶೆಂಟ್ ಕಳಿಸಿದ್ದಕ್ಕ ಕಮಿಶನ್ ತಿನ್ನೂದು, ರೋಗಿ ಗುಟ್ಟು ಹೊರಗ ಹೇಳೂದು, ರೋಗಿ ಜೋಡಿ ಅಸಭ್ಯ ನಡಕೋಳೂದು, ಹೊಟ್ಟಿಯೊಳಗಿಂದು ಗಂಡೋ ಹೆಣ್ಣೋ ಹೇಳೂದು, ಎಲ್ಲಾ ಇದರಾಗ ಬರ್ತಾವ. ಕಡೀದ್ದಕ್ಕಂತೂ 1994ರ ಕಾಯ್ದೆನ ಅದ. ಕೋರ್ಟಿನಾಗ ಅಪರಾಧ ಸಾಬೀತಾದ್ರ ಮೊದಲನೇ ಸಲಕ್ಕ ಐದು ವರ್ಷ ಪಟ್ಟಿಯಿಂದ ಹೆಸರು ಹೊರಗ, ಮತ್ತೊಮ್ಮೆ ಆದ್ರ ಕಾಯಮ್. ಅಷ್ಟಿದ್ರೂ 2023ರಾಗ ಮಂಡ್ಯ ಕಡೆ ಆಲೆಮನ್ಯಾಗ ಸ್ಕ್ಯಾನಿಂಗ್ ಮಶೀನ್ ಇಟ್ಟು ದಂಧೆ ನಡಸಿದ್ದು ಪೇಪರಿನಾಗ ಓದೇವಿ.

ಅರ್ಜಿ ಬರಿಯೂಕಿಂತ ಮುಂಚೆ ಕಾಗದ ಬೇಕು. ನಮ್ಮ ಕಡೆ ಇದ್ದದ್ದು ಡಿಸ್ಚಾರ್ಜ್ ಕಾರ್ಡ್, ಬಿಲ್ಲು, ಎರಡು ಔಷಧ ಚೀಟಿ. ಒಳಗಿನ ಫೈಲ್ ಕೇಳಿದ್ರ ಕೌಂಟರಿನಾಗಿನ ಹುಡುಗ "ಕೊಡೋ ಪದ್ಧತಿ ಇಲ್ಲರಿ" ಅಂದ. ಮಾವಶಿ ಮಗಳು "ಬಾಯಿಲೆ ಕೇಳಬ್ಯಾಡ್ರಿ, ಬರದು ಕೇಳ್ರಿ" ಅಂತ ಹೇಳಿ ನಾಕ ಸಾಲಿನ ಪತ್ರಾ ಬರಸಿದ್ಲು. 2002ರ ನಿಯಮದಾಗ ಸ್ಪಷ್ಟ ಅದ: ರೋಗಿ ಇಲ್ಲಾ ಅವರು ಒಪ್ಪಿ ಕಳಿಸಿದವರು ದಾಖಲೆ ಕೇಳಿದ್ರ 72 ತಾಸಿನೊಳಗ ಕೊಡಬೇಕು, ಒಳರೋಗಿಗಳ ದಾಖಲೆ ಮೂರು ವರ್ಷ ಇಡಬೇಕು. ಪತ್ರಾ ಮುಟ್ಟಿದ ಮೂರನೇ ದಿನ ನಲವತ್ತೊಂದು ಹಾಳಿ ಝೆರಾಕ್ಸ್ ಬಂತು. ಕಾಯ್ದೆದ ನಂಬರ್ ಹಾಕಿ ಬರದ್ರ ಪದ್ಧತಿ ಹೆಂಗ ಬದಲಾಗ್ತದ ನೋಡ್ರಿ.

ಆ ನಲವತ್ತೊಂದು ಹಾಳಿಯೊಳಗ ನಮಗ ಬೇಕಾದದ್ದು ಎರಡ. ಒಂದು, ಅಣ್ಣನ ಸೈ ಇದ್ದ ಒಪ್ಪಿಗಿ ಪತ್ರ. ಇನ್ನೊಂದು, ಅನಸ್ತೇಸಿಯಾ ಕೊಟ್ಟ ಡಾಕ್ಟರ್ ಬರದಿಟ್ಟ ಹಾಳಿ. ರೋಗಿ ಎಚ್ಚರ ಇದ್ದಾರ, ಮಾತಾಡ್ಲಿಕ್ಕತ್ತಾರ, ಬಿಪಿ ಬರೋಬರಿ ಅದ ಅಂತ ಹತ್ತು ಹತ್ತು ನಿಮಿಷಕ್ಕ ಬರದಿದ್ರು ಅವರು. ಪುಣ್ಯಾತ್ಮರು, ತಮ್ಮ ಕೆಲಸಾ ತಾವು ನೆಟ್ಟಗ ಮಾಡಿದ್ರು. ಹನ್ನೊಂದೂ ಇಪ್ಪತ್ತಕ್ಕೂ ಹಂಗ ಬರದಿತ್ತು. ರಕ್ತ ಏರಿಸಿದ್ದು ಎಲ್ಲೂ ಇದ್ದಿಲ್ಲ.

2020ರ ಫೆಬ್ರವರಿದಾಗ ಅರ್ಜಿ ಹೋತು. ಅಣ್ಣಾ ಸೈ ಮಾಡ್ಲಿಕ್ಕೆ ಒಪ್ಪಲಿಲ್ಲ. ಅದು ಡಾಕ್ಟರ್ ಮ್ಯಾಲಿನ ತಕರಾರಲ್ಲ, ತನ್ನ ಮ್ಯಾಲಿನ ತಕರಾರು ಅನಸಿತ್ತು ಅವಗ. ವೈನಿ ಒಬ್ಬರ ಹೆಸರಿಲೆ ಹೋತು. ಮುಂದಿನ ತಿಂಗಳ ಲಾಕ್‌ಡೌನ್. ತಕರಾರು ಬಂದ ಆರು ತಿಂಗಳೊಳಗ ತೀರ್ಮಾನ ಮಾಡಬೇಕು ಅಂತ ನಿಯಮದಾಗ ಅದ, ಆದ್ರ ಆ ವರ್ಷ ಯಾರ್ ಯಾರನ್ನ ಕೇಳೂದು. ಡಾಕ್ಟರ್ರೂ ಆಗ ಜೀವಾ ಒತ್ತಿ ಇಟ್ಟು ದುಡೀಲಿಕ್ಕತ್ತಿದ್ರು, ಅದನ್ನೂ ಹೇಳಬೇಕು. ವಿಚಾರಣೆ ಕರೀ ಬಂದಿದ್ದು 2022ರಾಗ.

ರಾತ್ರಿ ರೈಲಿಗೆ ಹೋದ್ವಿ, ವೈನಿ, ನಾನು, ಮಾವಶಿ ಮಗಳು. ವಕೀಲರನ್ನ ಇಟ್ಕೋಬಹುದು, ಇಲ್ಲಂದ್ರ ನಾವ ಮಾತಾಡಬಹುದು. ಹೊರಡೋ ಮುಂದ ಅಣ್ಣಾ ಸ್ಟೇಶನ್ನಿಗೆ ಬಿಡ್ಲಿಕ್ಕೆ ಬಂದ, ಸುಮ್ನ ನಮ್ಮ ಜೋಡಿ ರೈಲು ಹತ್ತಿದ. ಟಿಕೀಟೂ ತಗಸಿದ್ದಿಲ್ಲ. ಟೀಸಿಗೆ ದಂಡಾ ಕಟ್ಟಿದ.

ದೊಡ್ಡ ಕೋರ್ಟಿನಂಗ ಇರ್ತದೇನೋ ಅಂತ ಹೆದರಿದ್ವಿ. ಒಂದು ಉದ್ದ ಟೇಬಲ್ಲು, ಸುತ್ತ ಐದಾರು ಮಂದಿ ಹಿರೀ ಡಾಕ್ಟರ್ರು, ಚಹಾ ಕಪ್ಪು, ಫೈಲುಗಳು. ಈ ಕಡೆ ನಾವು, ಆ ಕಡೆ ಆ ಡಾಕ್ಟರ್ ಮತ್ತ ಅವರ ವಕೀಲರು. ಅವರ ವಾದ ಪೂರಾ ಒಂದ ನಿಯಮದ ಮ್ಯಾಲೆ ನಿಂತಿತ್ತು. ಲಿಖಿತ ಒಪ್ಪಿಗಿ ಇಲ್ಲದ ಆಪರೇಶನ್ ಮಾಡಬಾರದು ಅಂತ ಹೇಳೋ ನಿಯಮದಾಗ ಯಾರ ಒಪ್ಪಿಗಿ ಅಂತ ಬರೀಬೇಕಾದ್ರ ಗಂಡ ಇಲ್ಲಾ ಹೆಂಡತಿ, ಸಣ್ಣ ಮಕ್ಕಳಿದ್ರ ತಂದಿ-ತಾಯಿ, ಇಲ್ಲಾ ಸ್ವತಃ ರೋಗಿ ಅಂತ ಬರದದ. ಗಂಡ ಅನ್ನೂ ಶಬ್ದ ಮೊದಲ, ರೋಗಿ ಅನ್ನೂ ಶಬ್ದ ಕಡೀಕ! "ಗಂಡನ ಸೈ ಅದ, ನಿಯಮ ಮುರದಿಲ್ಲ" ಅಂದ್ರು ವಕೀಲರು.

ನಮ್ಮ ಮಾವಶಿ ಮಗಳು ಅದ ನಿಯಮದ ಕೆಳಗಿನ ಸಾಲು ಓದಿದ್ಲು. ಮಕ್ಕಳಾಗದಂಗ ಆಗೋ ಆಪರೇಶನ್ ಇದ್ರ ಗಂಡ ಹೆಂಡತಿ ಇಬ್ಬರದೂ ಒಪ್ಪಿಗಿ ಬೇಕು. ಗರ್ಭಚೀಲ ತಗದ ಮ್ಯಾಲೆ ಮಕ್ಕಳೆಲ್ಲಿ? ಹೆಂಡತಿ ಸೈ ಎಲ್ಲದ?

ಆಮ್ಯಾಲೆ ಸಮೀರಾ ಕೊಹ್ಲಿ ಅವರ ತೀರ್ಪು ತಗದ್ಲು. ಇದು ಕೌನ್ಸಿಲ್ ಕೇಸಲ್ಲ, ಗ್ರಾಹಕರ ಕೇಸು, ಆದ್ರ ಪ್ರತಿ ಹೆಣ್ಣಮಗಳು ತಿಳಕೋಬೇಕಾದದ್ದು. ದೆಹಲಿಯವರು, ನಲವತ್ನಾಲ್ಕು ವರ್ಷ, ಮದವಿ ಆಗಿದ್ದಿಲ್ಲ. 1995ರಾಗ ಬ್ಲೀಡಿಂಗ್ ಅಂತ ಹೋಗಿದ್ರು. ದುರ್ಬೀನ್ ಹಾಕಿ ಪರೀಕ್ಷಾ ಮಾಡ್ಲಿಕ್ಕೆ ಅಂತ ಪೂರಾ ಪ್ರಜ್ಞಾ ತಪ್ಪಿಸಿದ್ರು. ಹೊರಗ ಕೂತಿದ್ದ ವಯಸ್ಸಾದ ತಾಯಿ ಕಡೆ ಒಪ್ಪಿಗಿ ಇಸ್ಕೊಂಡು ಗರ್ಭಚೀಲ, ಅಂಡಾಶಯ ಎಲ್ಲಾ ತಗದ್ರು. 2008ರಾಗ ಸುಪ್ರೀಂ ಕೋರ್ಟ್ ಹೇಳಿದ್ದು ಏನಂದ್ರ, ವಯಸ್ಸಿಗೆ ಬಂದು ಬುದ್ಧಿ ಸ್ಥಿಮಿತ ಇದ್ದ ರೋಗಿಯ ಒಪ್ಪಿಗಿ ರೋಗೀನ ಕೊಡಬೇಕು, ತಾಯಿ ಕೊಟ್ರ ಆಗಂಗಿಲ್ಲ. ಜೀವಾ ಉಳಸ್ಲಿಕ್ಕೆ ತಡಾ ಮಾಡೋಹಂಗ ಇರಲಾರದಾಗ ಅಷ್ಟ ಬ್ಯಾರೆ ಮಾತು. ಮತ್ತ ಒಂದಕ್ಕ ಕೊಟ್ಟ ಒಪ್ಪಿಗಿ ಇನ್ನೊಂದಕ್ಕ ನಡ್ಯಂಗಿಲ್ಲ. ಹದಿಮೂರು ವರ್ಷದ ಹೋರಾಟಕ್ಕ ಸಿಕ್ಕ ಪರಿಹಾರ ಎಷ್ಟು ಗೊತ್ತೇನು? 25,000 ರೂಪಾಯಿ. ಡಾಕ್ಟರ್ ಫೀ ಕೊಡಬೇಕಾಗಿಲ್ಲ ಅಂತನೂ ಹೇಳಿದ್ರು. ಒಂದು ಛಲೋ ರೇಶ್ಮಿ ಸೀರಿ ರೊಕ್ಕ. ಆದ್ರ ಆ ತೀರ್ಪನ್ನ ಎಲ್ಲಾರೂ ಇನ್ನೂ ತಗದು ತಗದು ಓದ್ತಾರ.

ಟೇಬಲ್ ಹತ್ರ ಕೂತ ಒಬ್ಬರು ಸಮಾಧಾನದ ಧ್ವನಿಯಿಂದನ ವೈನೀನ್ನ ಕೇಳಿದ್ರು, "ಎರಡು ಮಕ್ಕಳು ಅವ. ಆರೋಗ್ಯನೂ ಈಗ ಸುಧಾರಿಸ್ಯದ. ನಿಮ್ಮ ತೊಂದ್ರಿ ಏನಮ್ಮಾ?"

ವೈನಿ ಪರಭಾಷಾದಾಗ ತಡವರಿಸಿಕೋತ ಹೇಳಿದ್ರು, "ಮೂರನೇ ಮಗು ಬೇಕಿತ್ತು ಅಂತ ಬಂದಿಲ್ಲರಿ. ಇವರು ಕೇಳಿದ್ರ ನಾ ಹೂಂ ಅಂತಿದ್ನೋ ಏನೋ. ಕೇಳಬೇಕಿತ್ತು."

ಆವಾಗ ಆ ಗುಂಪಿನಾಗಿನ ವಯಸ್ಸಾದ ಲೇಡಿ ಡಾಕ್ಟರೊಬ್ಬರು ಅನಸ್ತೇಸಿಯಾ ಹಾಳಿ ಎತ್ತಿ ಹಿಡದು ಆ ಡಾಕ್ಟರಿಗೆ ಕೇಳಿದ್ರು: "ರೋಗಿ ನಿಮ್ಮ ಕೈಯಿಂದ ಎರಡು ಅಡಿ ದೂರ ಎಚ್ಚರ ಇದ್ದು ಮಾತಾಡ್ಲಿಕ್ಕತ್ತಿದ್ರು. ಅವರನ್ನ ಬಿಟ್ಟು, ಕೈಗವುಸು ಬಿಚ್ಚಿ, ಬಾಗಲಾ ದಾಟಿ ಹೊರಗ ಹೋಗಿ ಬ್ಯಾರೆಯವರನ್ನ ಯಾಕ ಕೇಳಿದ್ರಿ?"

ಡಾಕ್ಟರ್ "ಎಲ್ಲಾ ಕಡೆ ಹಂಗ ಮಾಡ್ತಾರ, ನಾನು ಅವರ ಹಿತಾನ ನೋಡೀನಿ" ಅಂದ್ರು. ಸುಳ್ಳು ಹೇಳಿದ್ರು ಅಂತ ನನಗ ಅನಸಲಿಲ್ಲ. ಆ ಪ್ರಶ್ನೆ ತನ್ನನ್ನ ಯಾರರ ಕೇಳಬಹುದು ಅಂತ ಅವರಿಗೆ ಅವತ್ತಿನ ತನಕಾ ಅನಸಿದ್ದಿಲ್ಲ, ಅಷ್ಟ.

ಅಣ್ಣನ್ನ ಯಾರೂ ಕರದಿದ್ದಿಲ್ಲ. ಅವನ ಎದ್ದು ನಿಂತ. "ಅಂಜಿಸಿ ಸೈ ಮಾಡಿಸ್ಕೊಂಡ್ರು ಅನ್ನಂಗಿಲ್ಲರಿ. ಕೇಳಿದ್ರು, ಮಾಡಿದೆ. ಒಳಗ ಆಕಿನ್ನ ಕೇಳೇ ಹೊರಗ ಬಂದಾರ ಅಂತ ತಿಳದಿದ್ದೆ." ಇಷ್ಟು ಹೇಳಿ ಕೂತ. ವೈನಿ ಅವನ ಕಡೆ ನೋಡಲಿಲ್ಲ. ವಾಪಸ್ ಬರೋ ಮುಂದ ರೈಲಿನಾಗ ಮಾತ್ರ ಕಟ್ಟಿದ ಚಪಾತಿ ಬಿಚ್ಚಿ ಮೊದಲ ಅವಗ ಕೊಟ್ರು.

2023ರ ಶ್ರಾವಣದಾಗ ಆದೇಶ ಪೋಸ್ಟಿಲೆ ಬಂತು. ಆಪರೇಶನ್ ಮಾಡಿದ್ರಾಗ ದೋಷ ಇಲ್ಲ. ಒಪ್ಪಿಗಿ ತಗೊಂಡಿದ್ದು ತಪ್ಪು, ಎಚ್ಚರ ಇದ್ದ ರೋಗೀನ್ನ ಕೇಳಬೇಕಾಗಿತ್ತು. ಡಾಕ್ಟರಿಗೆ ಎಚ್ಚರಿಕೆ. ಪಟ್ಟಿಯಿಂದ ಹೆಸರು ಒಂದ ದಿನಕ್ಕೂ ತಗೀಲಿಲ್ಲ.

ನನಗ ಸಿಟ್ಟ ಬಂತು. ಮೂರೂವರಿ ವರ್ಷ ಅಡ್ಡಾಡಿ ಬರೇ ಎಚ್ಚರಿಕೆ? ಕಡೀಕ ಒಂದು ತಿಂಗಳರ ಹೆಸರು ತಗದಿದ್ರ ಊರ ಪೇಪರಿನಾಗ ಬರ್ತಿತ್ತು, ಬ್ಯಾರೆ ಡಾಕ್ಟರ್ರೂ ಓದ್ತಿದ್ರು. ಮ್ಯಾಲೆ ಅಪೀಲ್ ಹಾಕೋಣ ಅಂದ್ರ ಅಲ್ಲೊಂದು ಗಂಟು. ಹಳೇ ನಿಯಮದಾಗ ರಾಜ್ಯದ ಕೌನ್ಸಿಲ್ ತೀರ್ಮಾನದಿಂದ ನೊಂದ ಯಾರಾದ್ರೂ 60 ದಿನದಾಗ ಮ್ಯಾಲಿನ ಕೌನ್ಸಿಲ್ಲಿಗೆ ಹೋಗಬಹುದಿತ್ತು. 2020ರ ಸೆಪ್ಟೆಂಬರಿನಾಗ ಆ ಕೌನ್ಸಿಲ್ ಹೋಗಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂತು. ಅದರ ಕಾಯ್ದೆದಾಗ ಅಪೀಲ್ ಹಕ್ಕು ಅಂತ ಬರದದ್ದು ನೊಂದ ಡಾಕ್ಟರಿಗೆ. ನೊಂದ ರೋಗಿ ಅನ್ನೂ ಶಬ್ದನ ಅಲ್ಲಿಲ್ಲ. ನಿಯಮ ಬರೀಬೇಕಾದ್ರ ರೋಗೀನ್ನ ಕಡೀಕ ಬರದ್ರು, ಕಾಯ್ದೆ ಬರೀಬೇಕಾದ್ರ ಪೂರಾ ಬಿಟ್ರು. ಹೈಕೋರ್ಟಿಗೆ ಹೋಗೋ ದಾರಿ ಅದ ಅಂದ್ಲು ಮಾವಶಿ ಮಗಳು. ವೈನಿ "ಸಾಕು" ಅಂದ್ರು. ಆದೇಶದ ಆ ಒಂದು ಸಾಲಿನ ಕೆಳಗ ಪೆನ್ಸಿಲ್ಲಿಲೆ ಗೆರಿ ಎಳದು, ಫೈಲನ್ನ ಟ್ರಂಕಿನಾಗ ಇಟ್ರು.

ನನ್ನ ಸಿಟ್ಟು ಇನ್ನೂ ಇಳದಿಲ್ಲ, ಅದು ಬ್ಯಾರೆ ಮಾತು.

ಈಗ ನಮ್ಮ ಓಣ್ಯಾಗ ಯಾರದರ ಆಪರೇಶನ್ ಅಂದ್ರ ವೈನಿ ಊರಾಗಿದ್ರ ಅವರನ್ನ ಕರಕೊಂಡ ಹೋಗ್ತಾರ. ಚೀಟಿ ಮ್ಯಾಲೆ ಡಾಕ್ಟರ್ ನೋಂದಣಿ ನಂಬರ್ ಅದನೋ ಇಲ್ಲೋ ಮೊದಲ ನೋಡ್ತಾರ, ಅದು ಚೀಟಿ ಮ್ಯಾಲೆ, ರಸೀದಿ ಮ್ಯಾಲೆ ಇರಬೇಕು. ಹೆಸರು ಫೋನಿನಾಗೂ ನೋಡಬಹುದು, ಆಯೋಗದವರು ದೇಶದ ಡಾಕ್ಟರ್ರ ಪಟ್ಟಿ ಹಾಕ್ಯಾರ.

ಹೋದ ತಿಂಗಳ ನಮ್ಮ ಅತ್ತಿಯವರ ಪಿತ್ತಕೋಶದ ಆಪರೇಶನ್ ಇತ್ತು. ಒಪ್ಪಿಗಿ ಪತ್ರ ತಂದ ಸಣ್ಣ ಡಾಕ್ಟರ್ ನಮ್ಮ ಮನೆಯವರ ಕೈಗೆ ಕೊಡ್ಲಿಕ್ಕೆ ಬಂದ. ವೈನಿ ನಡುವ ಕೈ ಚಾಚಿ ಇಸ್ಕೊಂಡು ಇಂಗ್ಲಿಷ್ ಪತ್ರಾ ಅತ್ತಿಗೆ ಕನ್ನಡದಾಗ ಓದಿ ಹೇಳಿದ್ರು. ಡಾಕ್ಟರಿಗೆ ಬೇಕನಸಿದ ಯಾವ ಆಪರೇಶನ್ನೂ ಮಾಡಬಹುದು ಅಂತ ಒಂದು ಸಾಲು ಅಚ್ಚಾಗಿ ಬಂದಿತ್ತು. "ಇದನ್ನ ಹೊಡದು, ಯಾವ ಆಪರೇಶನ್ ಅಂತ ಬರೀರಿ" ಅಂದ್ರು. ಆ ಹುಡುಗ ಒಂದು ಕ್ಷಣ ನೋಡಿದ, ಆಮ್ಯಾಲೆ ತಾನ ಗೆರಿ ಹೊಡದು ಬರದ. ಸೈ ಮಾಡೋದು ಅತ್ತಿಯವರಂತ ಹೇಳಿ ಪೆನ್ ಅವರ ಕೈಗೆ ಕೊಟ್ಟ. ಎಪ್ಪತ್ನಾಲ್ಕು ವರ್ಷದ ಅತ್ತಿ ಚಾಳೀಸ ಹಾಕ್ಕೊಂಡು, ತಮ್ಮ ಹೆಸರು, ಗಂಡನ ಹೆಸರು, ಅಡ್ಡಹೆಸರು, ಒಂದೊಂದ ಅಕ್ಷರಾ ಬಿಡಿಸಿ ಬರದ್ರು. ಐದು ನಿಮಿಷ ಹಿಡೀತು. ಸ್ಟ್ರೆಚರ್ ತಂದವರು ಬಾಗಲದಾಗ ನಿಂತು ಕಾದ್ರು.

ಅತ್ತಿ ಈಗ ಆರಾಮ ಇದ್ದಾರ. ಸಾರು ಅನ್ನ ಉಣ್ಲಿಕ್ಕತ್ತಾರ.